ದೇವದಾಸರ ಮರೆವು

"ಅಂಕಲ್, ಆರಾಮ್ ಸೆ. ಇಲ್ಲಿ ಟರ್ನಿಂಗ್ ಇದೆ," ಎಂದು ಕೆಳಗಿನ ಮೆಟ್ಟಿಲಿನಿಂದ ರಿತೇಶ್ ಎಚ್ಚರಿಸಿದ. ದೇವದಾಸರು ಪೆಟ್ಟಿಗೆಯ ಮೇಲಿನ ತುದಿಯನ್ನು ಎದೆಗೆ ಒತ್ತಿ ಹಿಡಿದು, ಕಾಲಿನಿಂದಲೇ ಮೆಟ್ಟಿಲು ತಡವುತ್ತ ಇಳಿದರು. ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಹಳೇ ಕಾಲದ ವಾಲ್ವ್ ಆಂಪ್ಲಿಫೈಯರ್ ಅದು. ಇಪ್ಪತ್ತೆರಡು ಕಿಲೋ ತೂಕ. ಡೊಂಬಿವಲಿ ಪೂರ್ವದ ಆ ಕಟ್ಟಡಕ್ಕೆ ನಾಲ್ಕು ಮಹಡಿಗಳುಂಟು, ಲಿಫ್ಟು ಮಾತ್ರ ಇಲ್ಲ. ಹಾರ ಹಿಡಿದು ಹತ್ತಿ ಬರುತ್ತಿದ್ದವರು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದರು. ಹೆಣ ಇನ್ನೂ ಮೇಲೆ ಇರುವಾಗ ಇವರೇಕೆ ಸಾಮಾನು ಸಾಗಿಸುತ್ತಿದ್ದಾರೆ ಎಂಬ ಪ್ರಶ್ನೆ ಎಲ್ಲರ ಮುಖದಲ್ಲೂ ಇತ್ತು.

ಅದು ಉಮಾವತಿಯವರ ಅಪ್ಪಣೆ. ಗಂಡ ಲೀಲಾಧರನ ತಲೆಯ ಬಳಿ ಕುಳಿತಲ್ಲಿಂದಲೇ ಅವರು ಹೇಳಿದ್ದರು: "ದೇವಣ್ಣ, ಅದು ನಿಮ್ಮದು. ಬೇರೆಯವರ ಸೊತ್ತು ಮನೆಯಲ್ಲಿ ಇಟ್ಟುಕೊಂಡು ಇವರು ಹೋಗುವುದು ಬೇಡ. ಇವರನ್ನು ಎತ್ತುವ ಮೊದಲು ಅದನ್ನು ಕೆಳಗೆ ಇಳಿಸಿಬಿಡಿ."

ಎರಡನೆಯ ಮಹಡಿಯಲ್ಲಿ ಇಬ್ಬರೂ ಪೆಟ್ಟಿಗೆ ಇಳಿಸಿ ಉಸಿರು ಬಿಟ್ಟರು. ರಿತೇಶನ ಕಣ್ಣು ಕೆಂಪಾಗಿತ್ತು. ಲೀಲಾಧರನ ಒಬ್ಬನೇ ಮಗ; ಹುಟ್ಟಿದ್ದು ಬೆಳೆದದ್ದು ಇಲ್ಲಿಯೇ, ಕನ್ನಡ ಆಡುವಾಗ ನಾಲಿಗೆ ಹಿಂದಿಯ ಕಡೆಗೇ ಜಾರುತ್ತದೆ.

"ಪಪ್ಪಾ ಹಾಸ್ಪಿಟಲ್‌ನಲ್ಲಿ ಭೀ ಇದರದ್ದೇ ಬಾತ್, ಅಂಕಲ್. ವೋ ಚಾರ್ ಆನೇ ಕಾ ಕಿಸ್ಸಾ."

"ನಾಲ್ಕಾಣೆಯ ಕತೆಯಾ? ಯಾವುದು ಮಗಾ?"

"ಅರೆ, ಅಂಬರನಾಥ್‌ವಾಲಾ! ನಿಮಗೆ ಹೇಳದೆ ಪಪ್ಪಾ ಇದನ್ನ ಒಂದು ಶಾದಿಗೆ ತಗೊಂಡು ಹೋಗಿದ್ರಲ್ಲ? ಅಲ್ಲಿ ಫಾರೆನ್ ಜನರೇಟರ್, ಸಬ್ ಕುಛ್ ಒನ್ ಟೆನ್ ವೋಲ್ಟ್ ಮೇಲೆ. ಚಾರ್ ಆನೆ ಸಿಕ್ಕಾ ಹಾಕಿ ಹಿಂದಿನ ಸ್ಕ್ರೂ ತಿರುಗಿಸಿದ್ರು. ವಾಪಸ್ ತಿರುಗಿಸೋದು ಭೂಲ್ ಗಯೇ, ಮರೆತೇಬಿಟ್ರು. ಮರುದಿನ ನೀವು ಪ್ಲಗ್ ಹಾಕಿದ್ರಿ ಔರ್ ಧಡಾಮ್!" ರಿತೇಶ್ ಅಳುವಿನ ನಡುವೆಯೇ ಸಣ್ಣಗೆ ನಕ್ಕ. "ನೀವು ಮಾಫ್ ಮಾಡಿದ್ರಿ. ಪಪ್ಪಾ ಯಾವಾಗ್ಲೂ ಹೇಳ್ತಿದ್ರು, ದೇವುನ ದಿಲ್ ಬಡಾ ಹೈ."

 ಮತ್ತೆ ಪೆಟ್ಟಿಗೆ ಎತ್ತುವಾಗ ದೇವದಾಸರ ಕೈ ಜಾರಿ ಅದು ಒಂದು ಮೆಟ್ಟಿಲು ಕೆಳಗೆ ಬಡಿಯಿತು.

"ಅಂಕಲ್!"

"ಏನಿಲ್ಲ, ಬೆವರು," ಎಂದರು.

* * *

ಮೂವತ್ತು ವರ್ಷದ ಹಿಂದೆ, ಕಲ್ಯಾಣದ ಒಂದು ಗಣಪತಿ ಪೆಂಡಾಲು. ದೇವದಾಸರು ಆಗ ಆರ್ಕೆಸ್ಟ್ರಾದ ಗಿಟಾರಿಸ್ಟ್, ಲೀಲಾಧರ ಸೌಂಡಿನವನು. ಹಡಗಿನಲ್ಲಿ ನುಡಿಸುತ್ತಿದ್ದ ಗೋವೆಯವನೊಬ್ಬನಿಂದ ಕೊಂಡ ಆ ಆಂಪ್ಲಿಫೈಯರ್ ಎಂದರೆ ದೇವದಾಸರಿಗೆ ಪ್ರಾಣ. ಅದರ ಬೆನ್ನಿಗೆ, ನಾಣ್ಯದ ಅಂಚು ಹೊಗುವಷ್ಟು ಸೀಳು ಇದ್ದ ತಿರುಪೊಂದಿತ್ತು. ಒಂದು ಕಡೆ ತಿರುಗಿಸಿದರೆ ನಮ್ಮ ದೇಶದ ಇನ್ನೂರ ಮೂವತ್ತು ವೋಲ್ಟು, ಇನ್ನೊಂದು ಕಡೆಗೆ ಅಮೆರಿಕದ ನೂರ ಹತ್ತು. ನೂರ ಹತ್ತಕ್ಕೆ ಇಟ್ಟು ನಮ್ಮ ಕರೆಂಟು ಕೊಟ್ಟರೆ ಒಳಗಿನದೆಲ್ಲ ಸುಟ್ಟು ಹೋಗುತ್ತದೆ.

ಸುಟ್ಟೇ ಹೋಯಿತು. ಸ್ವಿಚ್ಚು ಹಾಕಿ ಎರಡು ನಿಮಿಷ ಆಗಿರಲಿಲ್ಲ, ಹೊಗೆ ಎದ್ದು ವೇದಿಕೆಯ ಪರದೆಗೆ ಬೆಂಕಿ ಹತ್ತಿತು. ಜನ ದಿಕ್ಕಾಪಾಲಾದರು. ಬೆಂಕಿ ಆರಿದ ಮೇಲೆ ಟಾರ್ಚು ಬಿಟ್ಟು ನೋಡಿದವನು ಲೀಲಾಧರ. ಗಣಪತಿ ಮಂಡಳಿಯವರು ಸುತ್ತುವರಿದು ನಿಂತಿದ್ದರು.

"ತಿರುಪು ನೂರ ಹತ್ತಕ್ಕೆ ಉಂಟಲ್ಲ ಮಾರಾಯ! ಮೊನ್ನೆ ನೀನೇ ಅಲ್ವಾ ಹಿಂದಿನ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದ್ದು?"

ಹೌದು, ದೇವದಾಸರೇ ಬಿಗಿ ಮಾಡಿದ್ದರು. ಈ ತಿರುಪನ್ನು ಮುಟ್ಟಿದ್ದು ಮಾತ್ರ ನೆನಪಿರಲಿಲ್ಲ. ನೆನಪಿಲ್ಲ ಎಂದದ್ದೇ ಅವರ ವಿರುದ್ಧದ ಸಾಕ್ಷಿಯಾಯಿತು.

ಆ ವರ್ಷದ ಕಾರ್ಯಕ್ರಮಗಳೆಲ್ಲ ತಪ್ಪಿಹೋದವು, ತಂಡ ಚೆದುರಿತು. ದೇವದಾಸರು ಗಿಟಾರನ್ನು ಉಲ್ಲಾಸನಗರದ ಅಂಗಡಿಯೊಂದಕ್ಕೆ ಮಾರಿ, ಶಹಾಡಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್ ಆದರು. ಆದರೆ ಮರೆಗುಳಿ ಎಂಬ ಹೆಸರು ಬೆನ್ನು ಬಿಡಲಿಲ್ಲ. ಹೆಸರಾದರೂ ಇರಲಿ, ಅವರೇ ಅದನ್ನು ನಂಬಿಬಿಟ್ಟರಲ್ಲ! ಒಲೆ ಆರಿಸಿ ಗೇಟಿನವರೆಗೆ ಬಂದವರು, ಆರಿಸಿದೆನೋ ಇಲ್ಲವೋ ಎಂದು ಮರಳಿ ಹೋಗುವರು. ಮನೆಯ ಬೀಗವನ್ನು ಮೂರು ಸಲ ಎಳೆದು ನೋಡುವುದರಲ್ಲಿ ಎಷ್ಟು ಲೋಕಲ್ ರೈಲು ತಪ್ಪಿದವೋ ಲೆಕ್ಕವಿಲ್ಲ. ಮಗಳ ಮದುವೆಯಲ್ಲಿ ಕರಿಮಣಿಯ ಪೆಟ್ಟಿಗೆಯನ್ನು ಹೆಂಡತಿ ಮೋಹಿನಿ ತನ್ನ ತಮ್ಮನ ಕೈಗೆ ಕೊಟ್ಟಳು. "ಇವರ ಹತ್ರ ಬೇಡ, ಎಲ್ಲಾದರೂ ಮರೆತು ಬಂದಾರು," ಎಂದಳು. ದೇವದಾಸರು ಎಲ್ಲರ ಜೊತೆಗೆ ತಾವೂ ನಕ್ಕಿದ್ದರು.

ಸುಟ್ಟ ಪೆಟ್ಟಿಗೆಯನ್ನು ಲೀಲಾಧರ ತನ್ನ ಮನೆಗೆ ಒಯ್ದಿದ್ದ. "ಇದನ್ನು ಮತ್ತೆ ಹಾಡಿಸುವುದು ನನ್ನ ಜವಾಬ್ದಾರಿ," ಎಂದ. ಸ್ನೇಹಿತ ಎಂದರೆ ಇವನಪ್ಪ ಎಂದುಕೊಂಡರು ದೇವದಾಸರು. ಅಲ್ಲಿಂದ ಪ್ರತಿ ಆದಿತ್ಯವಾರ ಕಲ್ಯಾಣದಿಂದ ಡೊಂಬಿವಲಿಗೆ ಬಂದು, ಮೇಜಿನ ಪಕ್ಕ ಟಾರ್ಚು ಹಿಡಿದು ನಿಂತರು. ಕರಕಲಾದ ತಂತಿಗಳನ್ನು ಒಂದೊಂದಾಗಿ ಬಿಡಿಸಬೇಕು, ಟ್ರಾನ್ಸ್‌ಫಾರ್ಮರನ್ನು ಹೊಸ ತಂತಿಯಿಂದ ಸುತ್ತಿಸಬೇಕು, ಈಗ ಯಾರೂ ತಯಾರಿಸದ ಗಾಜಿನ ವಾಲ್ವುಗಳನ್ನು ಗುಜರಿಯಲ್ಲಿ ಹುಡುಕಬೇಕು. ವರ್ಷಕ್ಕೊಂದು ಭಾಗ ಸಿಕ್ಕರೆ ಅದೇ ಹಬ್ಬ. ಹೋದ ದಸರಾಕ್ಕೆ ಕೊನೆಯ ವಾಲ್ವು ಕೂತಿತು. ಒಮ್ಮೆಗೇ ಕರೆಂಟು ಕೊಡಬಾರದೆಂದು ಲೀಲಾಧರ ನಡುವೆ ನೂರು ವಾಟಿನ ಬಲ್ಬು ಕಟ್ಟಿದ. ಬಲ್ಬು ಭಗ್ಗನೆ ಉರಿದರೆ ಒಳಗೆ ತಪ್ಪಿದೆ, ಮಂದವಾದರೆ ಗೆದ್ದಂತೆ. ಬಲ್ಬು ಮಂದವಾಯಿತು. ದೇವದಾಸರು ಟಾರ್ಚು ಕೆಳಗಿಟ್ಟರು.

"ನನ್ನೊಂದು ತಪ್ಪಿಗೆ ನೀನು ಕಣ್ಣು ಹಾಳುಮಾಡಿಕೊಂಡಿ ಲೀಲ. ನನ್ನನ್ನು ಕ್ಷಮಿಸು."

ಲೀಲಾಧರ ತಲೆ ಎತ್ತಲಿಲ್ಲ. "ಬಿಡು ಮಾರಾಯ. ಮನುಷ್ಯ ಅಂದ ಮೇಲೆ ಮರೆವು ಇರ್ತದೆ," ಎಂದ.

* * *

ಪೆಟ್ಟಿಗೆಯನ್ನು ಟೆಂಪೋದಲ್ಲಿ ಇಟ್ಟು ದೇವದಾಸರು ಮತ್ತೆ ನಾಲ್ಕು ಮಹಡಿ ಹತ್ತಿದರು. ಪ್ರತಿ ಮೆಟ್ಟಿಲಿಗೂ ಸಿಟ್ಟು ಏರುತ್ತಿತ್ತು. ಹೋದವನು ಹೋದ, ಇರುವವಳನ್ನಾದರೂ ಕೇಳಬೇಕು. ಇಷ್ಟು ವರ್ಷ ಚಾ ಕೊಟ್ಟ ಕೈಯಲ್ಲೇ ನೀವೂ ಮುಚ್ಚಿಟ್ಟಿರಾ ಎಂದು ನಾಲ್ಕು ಜನರ ಎದುರೇ ಕೇಳಬೇಕು.

ಉಮಾವತಿ ತಾವಾಗಿಯೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ದೇವಣ್ಣ, ನನಗೆ ಮೊದಲು ಇವರ ಮೇಲೆ ಭಯಂಕರ ಸಿಟ್ಟು ಇತ್ತು. ನಿಮ್ಮ ತಪ್ಪನ್ನು ಪಾಪದವರ ತಲೆಗೆ ಕಟ್ಟಿದಿರಲ್ಲ, ಹೋಗಿ ಹೇಳಿ ಬನ್ನಿ, ಇಲ್ಲದಿದ್ದರೆ ನಾನು ಅಪ್ಪನ ಮನೆಗೆ ಹೋಗ್ತೇನೆ ಅಂತ ಹಟ ಹಿಡಿದೆ. ಆಗ ರಿತೇಶ ಇನ್ನೂ ತೊಟ್ಟಿಲಲ್ಲಿ. ಒಂದು ಸಂಜೆ ಬಂದು ಹೇಳಿದ್ರು, ಉಮಾ, ದೇವುನ ಹತ್ರ ಎಲ್ಲ ಹೇಳಿ ಬಂದೆ, ಅವನು ನಕ್ಕುಬಿಟ್ಟ ಅಂತ. ಅವತ್ತಿಂದ ನಾನು ಮತ್ತೆ ಇವರ ಮುಖ ನೋಡಿ ಮಾತಾಡಿದ್ದು." ಸೆರಗಿನಿಂದ ಮೂಗು ಒರೆಸಿಕೊಂಡರು. "ನಿಮ್ಮಿಂದ ನಮ್ಮ ಸಂಸಾರ ಉಳಿಯಿತು. ಹೌದಲ್ಲ ದೇವಣ್ಣ, ನೀವು ನಕ್ಕದ್ದು?"

ದೇವದಾಸರು ಲೀಲಾಧರನನ್ನು ನೋಡಿದರು. ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದ, ಮಹಾ ಸಭ್ಯಸ್ಥ! ಕದ್ದು ಒಯ್ದದ್ದು ಒಂದು, ತಪ್ಪನ್ನು ತಲೆಗೆ ಕಟ್ಟಿದ್ದು ಇನ್ನೊಂದು. ಕೊನೆಗೆ ಕ್ಷಮಿಸುವ ಕೆಲಸವನ್ನೂ ದೇವದಾಸರ ಹೆಸರಿನಲ್ಲಿ ತಾನೇ ಮಾಡಿ ಮುಗಿಸಿದ್ದ. ಹೆಗಲು ಹಿಡಿದು ಅಲುಗಿಸಿ ಎಬ್ಬಿಸಬೇಕು ಅನ್ನಿಸಿತು. ಉಮಾವತಿ ಉತ್ತರಕ್ಕೆ ಕಾಯುತ್ತಿದ್ದರು. ಅಲ್ಲ ಎಂದರೆ, ಇಂದು ಹೋಗಲಿರುವ ಗಂಡ ಆಕೆಯ ಪಾಲಿಗೆ ಮೂವತ್ತು ವರ್ಷದ ಹಿಂದೆಯೇ ಹೋದಂತೆ.

"ಹೌದು ಉಮಕ್ಕ," ಎಂದರು. "ನಕ್ಕೆ."

ಅಷ್ಟರಲ್ಲಿ ಇಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿ ಮೋಹನದಾಸ ಬಂದು, "ದೇವಣ್ಣ, ಮುಂದಿನ ಹೆಗಲು ನಿಮ್ಮದು," ಎಂದ. ದೇವದಾಸರು ಹೆಗಲು ಕೊಟ್ಟರು. ಬೇರೆ ದಾರಿ ಇರಲಿಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ, ಪೆಟ್ಟಿಗೆಗಿಂತ ಇವನೇ ಹಗುರ ಎನ್ನಿಸಿತು.

ಚಿತೆಗೆ ಬೆಂಕಿ ಇಟ್ಟ ಮೇಲೆ, ಇಲ್ಲಿಯ ವಾಡಿಕೆಯಂತೆ, ಒಬ್ಬೊಬ್ಬರು ಎರಡು ಮಾತಾಡಿದರು. ಕೈಗುಣ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು ಎಂದರು. ಕೊನೆಗೆ ಎಲ್ಲರೂ ದೇವದಾಸರ ಕಡೆಗೆ ನೋಡಿದರು.

"ಲೀಲಾಧರನ ಬಗ್ಗೆ ನನಗೆ ಗೊತ್ತಿದ್ದದ್ದು ಕಡಿಮೆ," ಎಂದು ಅವರು ಹಿಂದೆ ಸರಿದರು.

"ಎಷ್ಟು ವಿನಯ ನೋಡಿ," ಎಂದು ಯಾರೋ ಕಣ್ಣೊರೆಸಿಕೊಂಡರು.

* * *

ಕಲ್ಯಾಣದ ಮನೆ ಮುಟ್ಟುವಾಗ ಸಂಜೆಯಾಗಿತ್ತು. ಟೆಂಪೋದವನು ಪೆಟ್ಟಿಗೆಯನ್ನು ಹಜಾರದಲ್ಲಿ ಇಟ್ಟು ಹೋದ. ಮಂಡಿನೋವಿನಿಂದ ಸಾವಿಗೆ ಬರಲಾಗದ ಮೋಹಿನಿ ಒಳಗೆ ಬಿಸಿನೀರು ಕಾಯಿಸಿಟ್ಟಿದ್ದಳು. ಸ್ನಾನ ಮಾಡಿ ಬಂದು ದೇವದಾಸರು ಒದ್ದೆ ತಲೆಯಲ್ಲೇ ನೆಲದ ಮೇಲೆ ಕುಳಿತು ಪ್ಲಗ್ ಚುಚ್ಚಿ ಸ್ವಿಚ್ಚು ಹಾಕಿದರು. ಹಿಂಬದಿಯ ಜಾಲರಿಯೊಳಗೆ ವಾಲ್ವುಗಳು ನಿಧಾನವಾಗಿ ಕೆಂಪಗಾದವು. ಒಂದು ಚೂರೂ ಕೊರತೆ ಇಲ್ಲದ ಕೆಲಸ. ಹಾಳಾದವನು, ಎಷ್ಟು ಚಂದ ಮಾಡಿದ್ದಾನೆ ಎಂದುಕೊಂಡರು. ಅಳು ಬಂತು.

ನುಡಿಸಲು ಗಿಟಾರು ಇರಲಿಲ್ಲ. ಕೇಬಲ್ಲಿನ ಒಂದು ತುದಿಯನ್ನು ಪೆಟ್ಟಿಗೆಗೆ ಸಿಕ್ಕಿಸಿ, ಇನ್ನೊಂದು ತುದಿಯ ಮೇಲೆ ಹೆಬ್ಬೆರಳು ಇಟ್ಟರು. ವೇದಿಕೆಯ ಮೇಲೆ ಲೈನು ಜೀವಂತ ಇದೆಯೋ ಎಂದು ವಾದ್ಯದವರು ನೋಡುವುದೇ ಹೀಗೆ. ಮೈಯ ಸ್ಪರ್ಶಕ್ಕೇ ಪೆಟ್ಟಿಗೆ ಗೊರಗುಟ್ಟುತ್ತದೆ. ಗೊರಗುಟ್ಟಿತು.

"ಎಂತ ಶಬ್ದ ಅದು?" ಒಳಗಿನಿಂದ ಮೋಹಿನಿ ಕೂಗಿದಳು. "ಆಮೇಲೆ ಸ್ವಿಚ್ಚು ತೆಗೀಲಿಕ್ಕೆ ಮರೀಬೇಡಿ ಮತ್ತೆ!"

"ಅವತ್ತು ನಾನು ಮರೆತದ್ದಲ್ಲ ಮೋಹಿನಿ."

"ಆಂ? ಎಂತದು? ಕೇಳುದಿಲ್ಲ!"

ದೇವದಾಸರು ಬೆರಳು ತೆಗೆಯಲಿಲ್ಲ. ಎಡಗೈಯಿಂದ ಸದ್ದಿನ ಗುಂಡಿಯನ್ನು ಪೂರ್ತಿ ತಿರುಗಿಸಿ, ಹೆಬ್ಬೆರಳನ್ನು ಇನ್ನಷ್ಟು ಒತ್ತಿದರು. ಕಪಾಟಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ನಡುಗತೊಡಗಿದವು. ಆ ಅಬ್ಬರದೊಳಗೆ ಅವರು ಅದೇ ಮಾತನ್ನು ಮತ್ತೊಮ್ಮೆ, ಮತ್ತೂ ಒಮ್ಮೆ ಹೇಳುತ್ತ ಕುಳಿತರು.