ನೂರಕ್ಕೆ ತೊಂಬತ್ತೆರಡು

ಕಾಣಿಯೂರಿನ ಇದ್ದಿಲು ಶೆಡ್ಡಿನಲ್ಲಿ ಹನ್ನೆರಡು ವರ್ಷ ಹೊಗೆ ತಿಂದ ಶೀಲಾವತಿಗೆ ಹುಬ್ಬು ಅಂತ ಉಳಿದಿರಲಿಲ್ಲ. ಡ್ರಮ್ಮಿನ ಬಾಯಿಗೆ ಬಗ್ಗಿ ಬಗ್ಗಿ ಸುಟ್ಟುಹೋಗಿತ್ತು. ಬೆಳಗ್ಗೆ ಕೆಮ್ಮಿದರೆ ಕಫವೂ ಕಪ್ಪು. "ನನಗೆ ಕಾಡಿಗೆಯ ಖರ್ಚಿಲ್ಲ ಮಾರಾಯ್ರೆ" ಅಂತ ಅವಳೇ ನಗುತ್ತಿದ್ದಳು.

ಕೆಲಸ ಮಾತ್ರ ಬಲು ನಾಜೂಕಿನದು. ಡ್ರಮ್ಮಿನಲ್ಲಿ ತೆಂಗಿನ ಚಿಪ್ಪು, ಅದೇ ಗೆರಟೆ, ಉರಿಯುವಾಗ ಹೊಗೆ ಮೊದಲು ಬಿಳಿ, ಆಮೇಲೆ ಹಳದಿ, ಕಡೆಗೆ ತೆಳು ನೀಲಿ. ನೀಲಿ ಬಂದ ಗಳಿಗೆಗೆ ಮುಚ್ಚಳ ಹಾಕಿ ಮಣ್ಣು ಮೆತ್ತಬೇಕು. ಬೇಗ ಮುಚ್ಚಿದರೆ ಹಸಿ, ತಡವಾದರೆ ಬೂದಿ. ತಣಿದ ಮೇಲೆ ಒಂದು ಚೂರನ್ನು ಕಲ್ಲಿಗೆ ಬಡಿದು ಕಿವಿಗೊಟ್ಟಳೆಂದರೆ, ನೀರು ಶುದ್ಧಮಾಡಲು ಯಾವುದು ಲಾಯಕ್ಕು, ಯಾವುದು ಬರೇ ಒಲೆಗೆ ಎಂದು ಹೇಳಿಬಿಡುತ್ತಿದ್ದಳು.

ಇದನ್ನು ಕಲಿಯಲು ಬಂದವನು ಕೀರ್ತನ್. ಕೆಮಿಕಲ್ ಎಂಜಿನಿಯರಿಂಗ್ ಸಂಶೋಧನೆಯ ಹುಡುಗ, ಪಾಪದವನು. ಡ್ರಮ್ಮಿಗೊಂದು ಕೊಳವೆ ಸಿಕ್ಕಿಸಿದ. ಹೊಗೆಯಲ್ಲಿರುವ ಅನಿಲಗಳನ್ನು ಅಳೆದು, ಒಳಗಿನ ಇದ್ದಿಲು ಎಂಥದಾಗುತ್ತದೆ ಎಂದು ಮೊದಲೇ ಹೇಳುವ, ಮುಚ್ಚುವ ಗಳಿಗೆಗೆ ಕೂಗುವ ಯಂತ್ರವಂತೆ. ಆದರೆ ಯಂತ್ರಕ್ಕೂ ಯಾರಾದರೂ ಕಲಿಸಬೇಕಲ್ಲ. "ಶೀಲಕ್ಕ, ಇದು ಹೇಗುಂಟು?" ಎಂದು ಕೇಳುವುದು, ಅವಳು ಹೇಳಿದ್ದನ್ನು ಕಂಪ್ಯೂಟರಿಗೆ ತುಂಬುವುದು. ಏಳು ತಿಂಗಳು ಅದೇ. ಅವಳು ತನ್ನ ಬುತ್ತಿಯ ನೀರುದೋಸೆಯನ್ನೂ ಕೊಟ್ಟಳು, ವಿದ್ಯೆಯನ್ನೂ ಕೊಟ್ಟಳು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಅನ್ನುತ್ತಾರೆ. ಇಲ್ಲಿ ಅರೆಯುವ ಕೆಲಸವನ್ನೂ ಕೋಳಿಗೇ ಕೊಟ್ಟಿದ್ದರು.

ಕಡೆಗೊಂದು ದಿನ ಪ್ರದರ್ಶನ. ಕಾಲೇಜಿನವರು, ಬ್ಯಾಂಕಿನವರು ಬಂದರು. ಶೆಡ್ಡಿನ ಧಣಿ ಬಿಳಿ ಅಂಗಿ ಹಾಕಿ ನಿಂತು ಹೇಳಿದರು.

"ನಮ್ಮ ಯಂತ್ರ ಹೇಳುದು ನೂರಕ್ಕೆ ತೊಂಬತ್ತೆರಡು ಸರಿ. ಇನ್ನು ಹೊಗೆ ನೋಡ್ಲಿಕ್ಕೆ ಜನ ಬೇಡ. ಶೀಲಾವತಿ, ನಾಳೆಯಿಂದ ನೀನು ಬರುದು ಬೇಡ."

ಶೀಲಾವತಿ ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು. "ಕೀರ್ತನ್ ಸರ್, ಯಂತ್ರ ಹೇಳಿದ್ದು ಸರಿ ಅಂತ ನಿಮಗೆ ಗೊತ್ತಾಗುದು ಹೇಗೆ?"

"ಅದು... ನೀವು ಹೇಳಿದ್ದಕ್ಕೆ ತಾಳೆ ನೋಡಿ, ಶೀಲಕ್ಕ."

"ನಾನು ಹೇಳಿದ್ದು ತಪ್ಪಿದ್ದು ಉಂಟಾ?"

ಕೀರ್ತನ್ ನೆಲ ನೋಡಿದ. "ಲ್ಯಾಬಿನಲ್ಲಿ ಪರೀಕ್ಷೆ ಮಾಡಿದ್ದೆವು. ಒಂದೂ ತಪ್ಪಿರಲಿಲ್ಲ."

"ಹಾಗಾದ್ರೆ ಧಣಿ, ನೂರಕ್ಕೆ ನೂರು ತೆಗೆದವಳನ್ನು ಮನೆಗೆ ಕಳಿಸಿ ತೊಂಬತ್ತೆರಡರದ್ದನ್ನು ಇಟ್ಟುಕೊಳ್ಳುದಾ? ನಿಮ್ಮದು ಎಂತ ಶಾಲೆ?"

ಬುಟ್ಟಿ ಹೊರುವ ಹೆಂಗಸರು ಗೊಳ್ಳೆಂದು ನಕ್ಕರು. ಅಷ್ಟರಲ್ಲಿ ಯಂತ್ರ ಕುಂಯ್ಗುಟ್ಟಿತು. ಡ್ರಮ್ಮುಗಳ ಹೊಗೆಯೂ ನೀಲಿಗೆ ತಿರುಗಿತ್ತು. ಈ ಸಲ ಅದು ಸರಿಯಾಗಿಯೇ ಹೇಳಿತ್ತು, ಸುಳ್ಳು ಯಾಕೆ ಹೇಳಬೇಕು.

"ಮುಚ್ಚಿ, ಬೇಗ ಮುಚ್ಚಿ," ಎಂದರು ಧಣಿ.

ಶೀಲಾವತಿ ಗೆರಟೆ ರಾಶಿಯ ಮೇಲೆ ಕುಳಿತಳು. ನಕ್ಕ ಹೆಂಗಸರಲ್ಲಿ ಒಬ್ಬಳಾದ ಕದೀಜಮ್ಮ ತಲೆಯ ಬುಟ್ಟಿ ಇಳಿಸಿ ಪಕ್ಕದಲ್ಲೇ ಕುಳಿತಳು. "ಇವತ್ತು ಇವಳಿಗೆ, ನಾಳೆ ನನ್ನ ಬುಟ್ಟಿಗೂ ಒಂದು ಯಂತ್ರ ತರ್ತಾರೆ," ಎಂದಳು. ಬುಟ್ಟಿಯ ಉಳಿದ ಐವರು ಹೆಂಗಸರೂ ಬಂದು ಕುಳಿತರು.

ಶೀಲಾವತಿ ನಿಧಾನಕ್ಕೆ ಎಲೆಅಡಿಕೆ ಬಿಚ್ಚಿದಳು. "ಮುಚ್ಲಿಕ್ಕೆ ಆಯ್ತು ಅಂತ ಯಂತ್ರ ಹೇಳ್ತಾ ಉಂಟಲ್ಲ ಧಣಿ. ನೀವೇ ಮುಚ್ಚಿ."

ಬಿಳಿ ಅಂಗಿಯ ಧಣಿ ಮುಚ್ಚಳದ ಹತ್ತಿರ ಹೋಗಿ, ಬಿಸಿ ತಾಗಿ ಹಿಂದೆ ಸರಿದರು. ಏಳು ಡ್ರಮ್ಮಿನ ಇದ್ದಿಲು ಅತಿಥಿಗಳ ಕಣ್ಣೆದುರೇ ಬೂದಿಯಾಗುತ್ತಿತ್ತು.