ರೋಹಿಣಿ ಎಲ್ಲಿದೆ, ಐನೋರೇ?

ಕುಟ್ಟದ ಹತ್ತಿರದ ಎಸ್ಟೇಟಿನ ಕಾಫಿ ಗಿಡಗಳನ್ನೆಲ್ಲ ಕೆಳಗೆ ಬಿಟ್ಟು ಜೀಪು ಬೋಳುಬೆಟ್ಟದ ನೆತ್ತಿಯಲ್ಲಿ ನಿಂತಾಗ ಸೀತಾರಾಮ ಭಟ್ಟರು ಮೊದಲು ನೋಡಿದ್ದು ಆಕಾಶವನ್ನು. ಮೋಡವೇನಾದರೂ ಇದೆಯೇ ಎಂದು. ನಕ್ಷತ್ರ ನೋಡಲು ಬಂದ ಮೂವತ್ತು ಜನರಲ್ಲಿ ಮೋಡ ಕವಿಯಲಪ್ಪ ದೇವರೇ ಎಂದು ಬೇಡಿಕೊಳ್ಳುತ್ತಿದ್ದವರು ಅವರೊಬ್ಬರೇ.

ಕಾರಣವಿತ್ತು. ಮಡಿಕೇರಿಯ ದೇವಸ್ಥಾನವೊಂದರಲ್ಲಿ ಮೂವತ್ತೈದು ವರ್ಷದಿಂದ ಪೂಜೆ ಮಾಡಿಕೊಂಡು ಬಂದಿರುವ ಭಟ್ಟರು ಜಾತಕಕ್ಕೂ ಹೆಸರಾದವರು. ಹುಟ್ಟಿದ ಗಳಿಗೆ ಹೇಳಿದರೆ ಪಂಚಾಂಗ ತೆರೆದು ನಿಮಿಷದಲ್ಲಿ ನಕ್ಷತ್ರ, ಪಾದ, ಹೆಸರಿನ ಮೊದಲ ಅಕ್ಷರ ಎಲ್ಲ ಹೇಳಿಬಿಡುತ್ತಿದ್ದರು. ಆದರೆ ಆ ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದನ್ನಾದರೂ ಅವರು ಆಕಾಶದಲ್ಲಿ ಗುರುತಿಸಿದವರಲ್ಲ. ಮಡಿಕೇರಿಯ ಆಕಾಶ ಅರ್ಧ ವರ್ಷ ಮಳೆಯದು. ಉಳಿದರ್ಧ ವರ್ಷ ಭಟ್ಟರು ಎಂಟಕ್ಕೆಲ್ಲ ಮಲಗಿ, ನಾಲ್ಕಕ್ಕೆ ಎದ್ದು, ತಲೆ ತಗ್ಗಿಸಿ ಬಾವಿಯತ್ತ ನಡೆಯುವವರು. ಪಂಚಾಂಗ ಅಚ್ಚಾಗಿಯೇ ಕೈಗೆ ಬರುತ್ತಿರುವಾಗ ತಲೆ ಎತ್ತುವ ದರ್ದು ಯಾರಿಗಿತ್ತು?

ತಮ್ಮನ ಮಗಳು ಮಾಳವಿಕಾ ಗೋಣಿಕೊಪ್ಪಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. "ಇಂಗ್ಲಿಷ್ ಹೆಸರು ನಾನು ಹೇಳ್ತೇನೆ ದೊಡ್ಡಪ್ಪ, ನಮ್ಮ ನಕ್ಷತ್ರ ನೀವು ತೋರಿಸಿ" ಎಂದು ತನ್ನ ವಿದ್ಯಾರ್ಥಿಗಳ ನಕ್ಷತ್ರ ನೋಡುವ ಕ್ಯಾಂಪಿಗೆ ಕರೆದಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇಲ್ಲವೆಂದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದರೆ ಗುಟ್ಟು ರಟ್ಟಾಗುತ್ತದೆ. ಈಗ ನೋಡಿದರೆ ರಟ್ಟಾಗುವುದು ಒಬ್ಬಳ ಮುಂದಲ್ಲ, ಮೂವತ್ತು ಜನರ ಮುಂದೆ. ಕಟ್ಟಿಕೊಂಡ ಹೆಸರು ಒಂದೇ ರಾತ್ರಿಯಲ್ಲಿ ಮಣ್ಣುಪಾಲು.

ಸಂಜೆಯಾಗುತ್ತಲೇ ಕಣಿವೆಯಿಂದ ಮಂಜು ಎದ್ದು ಬೆಟ್ಟವನ್ನೇ ನುಂಗಿತು. ಭಟ್ಟರಿಗೆ ಹೋದ ಜೀವ ಬಂದಂತಾಯಿತು. ಹುಡುಗರು ಮುಖ ಸಪ್ಪಗೆ ಮಾಡಿಕೊಂಡು ಟೆಂಟಿನ ಹಗ್ಗ ಬಿಗಿಯುತ್ತಿದ್ದರೆ ಇವರು ಎರಡೆರಡು ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಉಪ್ಪಿಟ್ಟು ಮಾಡಿದವಳು ಕಾಲೇಜು ಹಾಸ್ಟೆಲಿನ ಅಡುಗೆಯ ವನಜಮ್ಮ, ಕುಶಾಲನಗರದ ಕಡೆಯವಳು. ಭಟ್ಟರಿಗೆ ಪರಿಚಯದವಳೇ. ವರ್ಷಕ್ಕೊಮ್ಮೆ ತಪ್ಪದೆ ದೇವಸ್ಥಾನಕ್ಕೆ ಬಂದು ಅರ್ಚನೆ ಮಾಡಿಸುತ್ತಿದ್ದಳು.

ಒಂಬತ್ತೂವರೆಗೆ ಮಂಜು ಕೈಕೊಟ್ಟಿತು. ಗಾಳಿ ಒಂದು ಸುತ್ತು ಬೀಸಿದ್ದೇ ತಡ, ಎಲ್ಲ ಕೆಳಗಿಳಿದು ಕಣಿವೆಯಲ್ಲಿ ಮಲಗಿತು. ಮಾಳವಿಕಾ ಬೆಂಕಿ ಆರಿಸಿದಳು, ಫೋನುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಸಿದಳು. ಭಟ್ಟರು ತಲೆ ಎತ್ತಿದರು.

ಎತ್ತಿದವರು ಇಳಿಸಲಿಲ್ಲ. ಡಿಸೆಂಬರಿನ ಆ ಆಕಾಶದಲ್ಲಿ ಬೆರಳಿಡಲು ಜಾಗವಿರಲಿಲ್ಲ. ಇಷ್ಟೊಂದು! ಇಷ್ಟು ಹತ್ತಿರ! ನಾನು ಸಾವಿರಾರು ಜಾತಕ ಬರೆದದ್ದು ಇವುಗಳ ಹೆಸರಲ್ಲೇ? ಒಂದು ಗಳಿಗೆ ಅವರಿಗೆ ತಮ್ಮ ಭಯವೇ ಮರೆತುಹೋಯಿತು. ಕತ್ತು ನೋಯುತ್ತಿದ್ದರೂ ಸುಖವಾಗಿತ್ತು.

"ಸರ್, ಶುರು ಮಾಡೋಣವಾ?" ವಿದ್ಯಾರ್ಥಿ ನಿತೇಶ್ ಕೇಳಿದಾಗ ಭಯ ಮರಳಿ ಬಂತು.

"ನಿಧಾನ ಮಾರಾಯ, ಕಣ್ಣು ಹೊಂದಿಕೊಳ್ಳಲಿ" ಎಂದು ಒಂದಷ್ಟು ಹೊತ್ತು ತಳ್ಳಿದರು. ಕೊನೆಗೆ ಒಂದು ಉಪಾಯ ಹೊಳೆಯಿತು. ದೊಡ್ಡದಾಗಿ ಹೊಳೆಯುವ ಒಂದನ್ನು ತೋರಿಸಿ ಯಾವುದೋ ಹೆಸರು ಹೇಳಿಬಿಡುವುದು. ಮಾಳವಿಕಾಳಿಗೆ ಇಂಗ್ಲಿಷ್ ಹೆಸರು ಬಿಟ್ಟರೆ ನಮ್ಮದು ಗೊತ್ತಿಲ್ಲ. ಕೇಳುವವರು ಯಾರು? ಭಟ್ಟರ ಬೆರಳು ಅರ್ಧ ಮೇಲೆದ್ದಿತ್ತು.

"ಐನೋರೇ, ಮೊದ್ಲು ನಂದು ತೋರ್ಸಿ." ವನಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಿದ್ದಳು. "ನಾ ಹುಟ್ಟಿದ್ ದಿನ ನಮ್ಮವ್ವಂಗೂ ಗೊತ್ತಿರ್ಲಿಲ್ಲ. 'ವ' ಅಕ್ಷರಕ್ಕೆ ರೋಹಿಣಿ ಬರ್ತದೆ ಅಂತ ಮದ್ವೆ ಟೈಮಲ್ಲಿ ನೀವೇ ಕೊಟ್ಟಿದ್ದು. ಇಪ್ಪತ್ತೈದು ವರ್ಷದಿಂದ ಅದ್ರ ಹೆಸ್ರಲ್ಲೇ ಅರ್ಚನೆ ಮಾಡಿಸ್ತಿದೀನಿ. ಒಂದ್ಸಲನಾದ್ರೂ ನೋಡ್ಬೇಕಲ್ಲ. ರೋಹಿಣಿ ಎಲ್ಲಿದೆ?"

ಭಟ್ಟರ ಬೆರಳು ಅಲ್ಲೇ ನಿಂತಿತು. ಯಾವುದನ್ನು ತೋರಿಸಿದರೂ ಈಕೆ ನಂಬುತ್ತಾಳೆ, ಸಾಯುವ ತನಕ ಅದಕ್ಕೇ ಕೈಮುಗಿಯುತ್ತಾಳೆ. ಹುಡುಗರಿಗೆ ಸುಳ್ಳು ಹೇಳಬಹುದಿತ್ತು. ಇವಳಿಗೆ ಹೇಳಲು ನಾಲಿಗೆ ಏಳಲಿಲ್ಲ.

"ಗೊತ್ತಿಲ್ಲ ವನಜಮ್ಮ" ಎಂದರು. ಸಣ್ಣ ದನಿಯಲ್ಲಿ ಹೇಳಿದರೂ ಆ ಬೆಟ್ಟದಲ್ಲಿ ಎಲ್ಲರಿಗೂ ಕೇಳಿಸಿತು. "ಎಲ್ಲರ ನಕ್ಷತ್ರ ಬರೆದುಕೊಟ್ಟಿದ್ದೇನೆ. ಒಂದನ್ನೂ ನೋಡಿಲ್ಲ. ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ನನಗೆ ಗೊತ್ತಿರುವುದು."

ಕತ್ತಲಿದ್ದದ್ದೇ ಪುಣ್ಯ, ಭಟ್ಟರ ಮುಖ ಯಾರಿಗೂ ಕಾಣುತ್ತಿರಲಿಲ್ಲ.

"ಪುಸ್ತಕದಲ್ಲಿ ಎಷ್ಟಿದೆ, ದೊಡ್ಡಪ್ಪ?" ಮಾಳವಿಕಾ ಮೆಲ್ಲಗೆ ಕೇಳಿದಳು.

ಅದೊಂದು ಅವರಿಗೆ ನಿದ್ದೆಯಲ್ಲೂ ಬರುತ್ತಿತ್ತು. ಏಳನೆಯ ವಯಸ್ಸಿಗೆ ಅಪ್ಪ ಉರು ಹೊಡೆಸಿದ್ದು. "ಕೃತ್ತಿಕೆ, ಆರು ನಕ್ಷತ್ರ, ಕ್ಷೌರದ ಕತ್ತಿಯ ಆಕಾರ. ಅದರ ಮಗ್ಗುಲಲ್ಲಿ ರೋಹಿಣಿ, ಐದು ನಕ್ಷತ್ರ, ಬಂಡಿಯ ಆಕಾರ."

"ಆರು ಒಟ್ಟಿಗೆ ಇರೋದಾ? ನೆತ್ತಿ ಮೇಲೆ ನೋಡಿ ಸರ್!" ನಿತೇಶ್ ಕೂಗಿದ. ಹತ್ತು ಬೆರಳು ಒಮ್ಮೆಗೇ ಮೇಲೆದ್ದವು. ಒಬ್ಬ ಐದು ಎಂದ, ಒಬ್ಬಳು ಏಳು ಎಂದಳು. ಭಟ್ಟರು ಕನ್ನಡಕ ಒರೆಸಿ ಒಂದೊಂದಾಗಿ ಎಣಿಸಿದರು. ಆರು! ಅಪ್ಪ ಹೇಳಿಕೊಟ್ಟದ್ದು ಐವತ್ತು ವರ್ಷ ಬಾಯಲ್ಲೇ ಇತ್ತು, ಅದು ಮೇಲೆ ನಿಜವಾಗಿಯೂ ಇತ್ತು.

"ಹಂಗಾದ್ರೆ ಗಾಡಿ ಇಲ್ಲೈತೆ" ಎಂದಳು ವನಜಮ್ಮ. "ಎತ್ತು ಬಿಚ್ಚಿ ಮೂಕಿ ಎತ್ತಿ ನಿಲ್ಸಿದಂಗೆ. ಒಂದು ಕೆಂಪಗೆ ದೊಡ್ಡದು, ಬಾಕಿ ನಾಕು ಸಣ್ಣವು. ಕಾಣ್ತಾ?"

ಕಂಡಿತು. ಗದ್ದೆ ಉಳುವವರ ಮನೆಯಲ್ಲಿ ಬೆಳೆದ ಕಣ್ಣಲ್ಲದೆ ಇನ್ಯಾರ ಕಣ್ಣಿಗೆ ಅದು ಗಾಡಿಯಾಗಿ ಬೀಳಬೇಕು! ಭಟ್ಟರಿಗೆ ಅವಳ ಮೇಲೆ ಅಭಿಮಾನ ಉಕ್ಕಿತು.

"ಆ ಕೆಂಪಗಿರೋದು ವೃಷಭದ ಕಣ್ಣು ಅಂತ ನಾವು ಪಾಠ ಮಾಡೋದು" ಎಂದಳು ಮಾಳವಿಕಾ.

"ವೃಷಭವಾ? ರೋಹಿಣಿ ವೃಷಭ ರಾಶಿಯೇ ಮಗಳೇ!" ಭಟ್ಟರು ಹುಡುಗರಂತೆ ಕೂಗಿಬಿಟ್ಟರು. "ಅದೇ ಅದು! ವನಜಮ್ಮ, ಅದೇ ನಿನ್ನದು!"

ವನಜಮ್ಮ ಚಪ್ಪಲಿ ಕಳಚಿ ನಿಂತು ಬಹಳ ಹೊತ್ತು ನೋಡಿದಳು. ಹಿಂದೆ ಹುಡುಗರು ಮುಂದಿನದು ಹೇಳಿ ಸರ್, ಮುಂದಿನದು ಎಂದು ಗಲಾಟೆ ಎಬ್ಬಿಸಿದ್ದರು. ಅವಳು ಭಟ್ಟರ ಕಡೆ ತಿರುಗಿದಳು.

"ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅರ್ಚನೆ ಮಾಡಿಸ್ವಾಗೆಲ್ಲ, ಈ ಐನೋರು ಬಾಯಿಗೆ ಬಂದಿದ್ದ್ ಹೇಳ್ಬಿಟ್ರೋ ಏನೋ ಅಂತ ಒಳಗೊಳಗೇ ಒಂದ್ ಡೌಟಿತ್ತು. ಗೊತ್ತಿಲ್ಲ ಅಂದ್ರಲ್ಲ ಈಗ, ಅದು ಹೋಯ್ತು."