ಡೆಲ್ಬರ್ಟನ ನಿಧನ ವಾರ್ತೆ

ಎಲಿಸ್ ವಾರ್ನಕ್ ಕಾದಂಬರಿ ಬರೆದಷ್ಟೇ ಜೋರಾಗಿ ಜಗಳವನ್ನೂ ಆಡುವವನು. ಏಡ್ಸ್ ಊರಿಗೆ ಹಬ್ಬಿದ ಮೇಲೆ ನ್ಯೂಯಾರ್ಕಿನ ಮೇಯರ್ ಕಚೇರಿಯ ಮುಂದೆ ಅವನು ಕೂಗಾಡದ ವಾರವಿರಲಿಲ್ಲ. ಅವನ ಪುಸ್ತಕಗಳಲ್ಲಿ ಗಂಡಸರು ಗಂಡಸರನ್ನೇ ಪ್ರೀತಿಸುತ್ತಿದ್ದರು. ಅವರಲ್ಲಿ ಒಬ್ಬನನ್ನಾದರೂ ಹೆಂಗಸು ಮಾಡಪ್ಪಾ ಎಂದು ಪ್ರಕಾಶಕರು ಕೈಮುಗಿದರೂ ಜಗ್ಗಿದವನಲ್ಲ.

ಅಂಥವನು ಈಗ ಫೋನ್ ಹಿಡಿದು ಒಂದು ಸಾಲಿಗಾಗಿ ಗೋಗರೆಯುತ್ತಿದ್ದ. ಹದಿನಾಲ್ಕು ವರ್ಷ ಜೊತೆಗೆ ಬಾಳಿದ ಡೆಲ್ಬರ್ಟ್ ಮೊನ್ನೆ ತೀರಿಕೊಂಡಿದ್ದ. ಮೃತರು ಇಂಥವರನ್ನು ಅಗಲಿದ್ದಾರೆ ಎಂದು ಪತ್ರಿಕೆ ಹಾಕುತ್ತದಲ್ಲ, ಅಲ್ಲಿ ತನ್ನ ಹೆಸರಿರಬೇಕು ಎಂಬುದೊಂದೇ ಅವನ ಆಸೆ.

"ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವ್ರು. ಅಷ್ಟೇ ಸಾರ್. ಸ್ನೇಹಿತರನ್ನ ಹಾಕಲ್ಲ," ಎಂದಿತು ಪತ್ರಿಕೆಯ ದನಿ.

ಜಾರ್ಜಿಯಾದಿಂದ ಬಂದಿದ್ದ ಡೆಲ್ಬರ್ಟನ ತಾಯಿ ಹ್ಯಾಟಿ ಪಕ್ಕದಿಂದ ಕೈಚಾಚಿದಳು. "ಕೊಡಿಲ್ಲಿ. ನಂಗೆ ಇಬ್ರು ಗಂಡುಮಕ್ಕಳು, ನೀನು ಅವನಣ್ಣ ಅಂತೀನಿ. ಹೆಸರು ಬರುತ್ತೆ, ಕತೆ ಮುಗೀತು."

ಇಷ್ಟು ಪ್ರೀತಿಯಿಂದ ಯಾರೂ ಎಲಿಸನಿಗಾಗಿ ಸುಳ್ಳು ಹೇಳಲು ಹೊರಟಿರಲಿಲ್ಲ. ಆದರೂ ಅವನು ಫೋನ್ ಬಿಡಲಿಲ್ಲ.

"ಬೇಡಮ್ಮಾ. ಅವನ ಅಣ್ಣನಾಗಿ ನಾನು ಒಂದು ದಿನಾನೂ ಬದುಕಿಲ್ಲ."

"ಮತ್ತೇನಂತ ಹೇಳ್ಲಿ? ನಮ್ಮ ಚರ್ಚಿನವ್ರೆಲ್ಲ ಓದ್ತಾರೆ ಕಣೋ!"

"ಹಾಗಾದ್ರೆ ನನ್ನ ಹೆಸರೇ ಬೇಡ ಬಿಡಿ."

ಫೋನ್ ಕುಕ್ಕಿದ. ಹ್ಯಾಟಿ ಮುಖ ತಿರುಗಿಸಿಕೊಂಡು ಕೂತಳು. ಮುದುಕಿಯನ್ನು ನೋಯಿಸಿದೆನಲ್ಲ ಎಂದು ಅವನಿಗೆ ಸಂಕಟವಾಯಿತು. ತಪ್ಪು ಮಾಡಿದೆ ಅಂತ ಮಾತ್ರ ಅನಿಸಲಿಲ್ಲ.

ಪತ್ರಿಕೆಗಳು ಅಚ್ಚು ಹಾಕದ್ದನ್ನು ಗೋಡೆಗೆ ಅಂಟಿಸುವುದು ಅವನ ಹೋರಾಟದ ಬಳಗದ ಪದ್ಧತಿ. ಮರುದಿನ ಬೆಳಿಗ್ಗೆ ಪೋಸ್ಟರ್ ಬಂತು. ಡೆಲ್ಬರ್ಟನ ಫೋಟೋ, ಕೆಳಗೆ 'ಗಂಡ ಎಲಿಸ್ ಹಾಗೂ ತಾಯಿ ಹ್ಯಾಟಿಯನ್ನು ಅಗಲಿದ್ದಾನೆ' ಎಂಬ ದಪ್ಪಕ್ಷರ. ಹ್ಯಾಟಿ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವನು ಮೈದಾಹಿಟ್ಟಿನ ಅಂಟು ಕಾಯಿಸುತ್ತಿದ್ದ ಪಾತ್ರೆಗೆ ಇಣುಕಿದಳು.

"ಥೂ, ಬರೀ ಗಂಟು! ಇಂಥ ಗ್ರೇವಿ ಬಡಿಸಿದ್ರೆ ನಮ್ಮೂರಲ್ಲಿ ಮದುವೇನೇ ಮುರಿದುಬೀಳುತ್ತೆ. ಸರಿ ಆಚೆ," ಎಂದು ಸೌಟು ಕಿತ್ತುಕೊಂಡಳು.

ಪತ್ರಿಕೆಯ ಕಟ್ಟಡದ ಬಾಗಿಲ ಪಕ್ಕದಲ್ಲೇ ಅವನು ಪೋಸ್ಟರ್ ಅಂಟಿಸಿದ, ಅವಳು ಅಂಟಿನ ಬಕೆಟ್ ಹಿಡಿದು ನಿಂತಳು. ಕಾವಲುಗಾರ ಓಡಿಬಂದ.

"ಏಯ್, ಯಾರ್ರೀ ನೀವು? ಇಲ್ಲೆಲ್ಲ ಅಂಟಿಸಬಾರದು!"

ಎಲಿಸ್ ಬಾಯಿ ತೆರೆಯುವಷ್ಟರಲ್ಲಿ ಹ್ಯಾಟಿಯ ದನಿ ಬೀದಿಯ ಆಚೆ ಬದಿಗೂ ಕೇಳಿಸಿತು.

"ನಾನು ಸತ್ತವನ ತಾಯಿ. ಇವ್ರು ನಮ್ಮ ಅಳಿಯಂದ್ರು. ಅವರ ಕೆಲಸ ಮುಗಿಯೋ ತನಕ ನೀನು ಸ್ವಲ್ಪ ಆ ಕಡೆ ನಿಂತ್ಕೋ."